ಊಟ ಆತ್ರೀ ಸರ್

ಇದು ನಿಜವಾಗಿ ನಡೆದದ್ದು. ಸುಳ್ಳು ಹೇಳಬೇಕಾದಾಗ ನಾನು ಬೇರೆಯವರ ದನಿ ಬಳಸುತ್ತೇನೆ. ಇದನ್ನು ನನ್ನ ದನಿಯಲ್ಲೇ ಹೇಳುತ್ತಿರುವುದರಿಂದ ನಂಬಬಹುದು.

ಡಿಗ್ರಿ ಮುಗಿಸಿ, ಮಿಮಿಕ್ರಿ ಮಾಡಿಕೊಂಡು ಸಿಂಧನೂರಿನಲ್ಲಿ ಅಡ್ಡಾಡುತ್ತಿದ್ದ ನನಗೆ ಒಂದು ಸಂಸ್ಥೆ ಕೆಲಸ ಕೊಟ್ಟಿತು. ಸಿಂಧನೂರು, ಲಿಂಗಸೂಗೂರು, ಮಸ್ಕಿ, ಈ ಮೂರು ತಾಲೂಕಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಆರೋಗ್ಯಕರ ಆಹಾರ ಮತ್ತು ಸಂವಹನ ಕೌಶಲ ಕಲಿಸಬೇಕು. ಆಹಾರಕ್ಕೆ ಒಂದು ಚಾರ್ಟು, ಸಂವಹನಕ್ಕೆ ಒಂದು ಮೈಕು ಕೊಟ್ಟರು. ವಾಹನ ಮಾತ್ರ ಕೊಡಲಿಲ್ಲ. ಚಾರ್ಟಿನಲ್ಲಿ ಸೇಬು, ಬಾದಾಮಿ, ಬ್ರೊಕೊಲಿ ಎಲ್ಲಾ ಇದ್ದವು. ಪೋಷಕಾಂಶ ತುಂಬಿತ್ತು, ಪೋಷಕರ ಅಂಶವೇ ಇರಲಿಲ್ಲ. ಬ್ರೊಕೊಲಿಯನ್ನು ಮಕ್ಕಳು ಜಾಲಿ ಗಿಡ ಎಂದೇ ತಿಳಿದರು.

ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಹಾಳೆ ತುಂಬುವುದೂ ನನ್ನ ಕೆಲಸ. ಮೊದಲ ಪ್ರಶ್ನೆ, ಬೆಳಿಗ್ಗೆ ಊಟ ಆಗಿದೆಯೇ? ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಒಂದೇ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಗುರುತಿನವರು "ಊಟ ಆತೇನು" ಅಂದರೆ, ಮುಂಜಾನೆಯಿಂದ ನೀರು ಕುಡಿಯದವನೂ "ಆತ್ರೀ" ಅನ್ನುತ್ತಾನೆ. ಇಲ್ಲ ಅಂದರೆ ಕೇಳಿದವರ ಬುತ್ತಿಗೆ ಕೈ ಹಾಕಿದಂತೆ. ಈ ರಿವಾಜು ಹಾಲು ಕುಡಿಯುವಾಗಲೇ ನನಗೂ ಗೊತ್ತಿತ್ತು. ಆದರೂ ಮಕ್ಕಳು "ಆತ್ರೀ ಸರ್" ಎಂದಂತೆಲ್ಲಾ ಸರಿ ಗುರುತು ಹಾಕುತ್ತಾ ಹೋದೆ. ನನ್ನ ಹಾಳೆಗಳನ್ನು ನಂಬಿದರೆ ಮೂರು ತಾಲೂಕಿನಲ್ಲಿ ಹಸಿದ ಒಂದು ಮಗುವೂ ಇರಲಿಲ್ಲ.

ಪಾಮನಕಲ್ಲೂರು ಕಡೆಯ ಒಂದು ಶಾಲೆಯಲ್ಲಿ ಹುಸ್ನಾ ಎಂಟನೇ ತರಗತಿ ಓದುತ್ತಿದ್ದಳು. ಪ್ರಾರ್ಥನೆಗೆ ನಿಂತಾಗ ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದಳು. ಆರೋಗ್ಯ ಶಿಬಿರದಲ್ಲಿ ರಕ್ತ ನೋಡಿದರೆ, ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಆರು. ಕಣ್ಣಿನ ಕೆಳರೆಪ್ಪೆ ಎಳೆದರೆ ಒಳಗೆ ಬಿಳಿ. ಲಿಂಗಸೂಗೂರಿನ ಡಾಕ್ಟರು ಊಟ ಮಾಡ್ತೀಯಾ ಎಂದು ಕೇಳಿದ್ದರು, ಮಾಡ್ತೀನಿ ಅಂದಿದ್ದಳು. ಮೇಲೆ ನನ್ನ ಅಕ್ಷರದ ಹಾಳೆ ಬೇರೆ ಸಾಕ್ಷಿಗಿತ್ತು. ಅವರು ಹಸಿವು ಬಿಟ್ಟು ರೋಗ ಹುಡುಕಲು ಹೊರಟರು. ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಹುಸ್ನಾ ನುಂಗಿದ ಹತ್ತು ನಿಮಿಷಕ್ಕೆ ವಾಂತಿ ಮಾಡಿಕೊಳ್ಳುತ್ತಿದ್ದಳು.

ಅವಳ ತಾಯಿ ಮೆಹರಬಾನು ನಸುಕಿಗೇ ಟಂಟಂ ಆಟೋ ಹತ್ತಿ ಜವಳಗೇರಾ ಕಡೆ ಭತ್ತದ ಗದ್ದೆಗೆ ನಾಟಿಗೆ ಹೋಗುವಾಕೆ. ಇನ್ನೊಮ್ಮೆ ಬಿದ್ದರೆ ಶಾಲೆ ಬಿಡಿಸುತ್ತೇನೆ, ಮನೆಯಲ್ಲಾದರೂ ಮಲಗಿರಲಿ ಎಂದು ಶಾಲೆಗೆ ಬಂದು ಹೇಳಿ ಹೋಗಿದ್ದಳು.

ಗುರುವಾರ ಹುಸ್ನಾ ಮೂರನೇ ಸಲ ಬಿದ್ದಳು.

ಅವತ್ತು ಬಿಸಿಯೂಟದ ಅಡುಗೆಯ ಕಸ್ತೂರೆಮ್ಮ ನನ್ನನ್ನು ಒಲೆಯ ಬಳಿ ಕರೆದು, ಸೌಟು ಅಲ್ಲಾಡಿಸುತ್ತಾ ಒಂದು ಮಾತು ಹೇಳಿದಳು.

"ಎಲ್ಲಾ ಹುಡುಗ್ರು ಉಂಡು ತಟ್ಟಿ ತೊಳಿಯಾಕ ಬರ್ತಾವ್ರಿ. ಈಕಿ ಒಬ್ಬಾಕಿ ಬರಂಗಿಲ್ಲ. ಈಕಿ ಡಬ್ಬಿ ಮುಚ್ಚತಾಳ."

ಹಾಗಾದರೆ ಅವಳ ಪಾಲಿನ ಅನ್ನ ಡಬ್ಬಿಗೆ ಹೋಗುತ್ತಿರಬೇಕು. ಹುಸ್ನಾಳನ್ನು ವರಾಂಡದಲ್ಲಿ ಕೂಡಿಸಿಕೊಂಡು ಕೇಳಿದೆ. "ಆತ್ರೀ ಸರ್" ಅಂದಳು. ಬಸ್ ಕಂಡಕ್ಟರನ ದನಿಯಲ್ಲಿ ಕೇಳಿದೆ, ಆಡಿನ ದನಿಯಲ್ಲಿ ಕೇಳಿದೆ. ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ಮುಗಿದ ಮೇಲೆ ಮತ್ತೆ "ಆತ್ರೀ ಸರ್". ನನಗೆ ಬರುವ ದನಿಗಳೆಲ್ಲಾ ಖಾಲಿಯಾದವು, ಅವಳ ಬಾಯಿಂದ ಎರಡಕ್ಷರದ ಸತ್ಯ ಬರಲಿಲ್ಲ. ಶುಕ್ರವಾರ ಡಾಕ್ಟರಿಗೆ ಫೋನ್ ಹಚ್ಚಿ ಆ ಹಾಳೆ ಸುಳ್ಳು ಎಂದೆ. ಹಾಗಾದರೆ ನಿಜ ಏನು ಅಂತ ಹುಡುಗಿಯನ್ನು ಕೇಳಿ ಹೇಳಿ ಎಂದರು. ಅವರ ತಪ್ಪೇನೂ ಇರಲಿಲ್ಲ.

ಶನಿವಾರ ಮುಂಜಾನೆ ಮೆಹರಬಾನು ಕೂಲಿ ಬಿಟ್ಟು ಶಾಲೆಗೆ ಬಂದು ಕುಳಿತಳು. ಟಿ.ಸಿ. ಬೇಕಂತೆ. ಹೆಡ್‌ಮಾಸ್ತರ್ ಕರಿಬಸಯ್ಯನವರು ಫಾರಂ ತೆಗೆದರು. ಅವರು ಬರೆಯುವುದು ನಿಧಾನ, ಅದೊಂದೇ ನನ್ನ ಆಸೆ. ಒಂದು ಪಿರಿಯಡ್ ಕೊಡಿ ಸರ್ ಎಂದು ಬೇಡಿಕೊಂಡೆ.

"ಇಷ್ಟು ದಿನ ಆಗದ್ದು ಒಂದು ಪಿರಿಯಡಿನ್ಯಾಗ ಆಕ್ಕತೇನಪಾ ತಮ್ಮಾ?" ಅಂದರು. ಪೆನ್ನಿನ ಮಸಿ ಜಾಡಿಸಿದರು.

ಆಗುತ್ತದೆಂದು ನನಗೂ ಅನ್ನಿಸಿರಲಿಲ್ಲ. ತರಗತಿಗೆ ಹೋದೆ. ಇವತ್ತು ಯಾರೂ ತಮ್ಮ ದನಿಯಲ್ಲಿ ಮಾತಾಡುವಂತಿಲ್ಲ, ಬೇರೆಯವರ ದನಿಯಲ್ಲಿ ಏನು ಬೇಕಾದರೂ ಹೇಳಬಹುದು, ಆಮೇಲೆ ಯಾರೂ ಯಾರನ್ನೂ ಬಯ್ಯುವಂತಿಲ್ಲ ಎಂದೆ. ಹೆಡ್‌ಮಾಸ್ತರರನ್ನು ಮಕ್ಕಳ ನಗುವಿಗೆ ಬಲಿ ಕೊಡುವ ಸಂಚು ನನ್ನದು. ಆಸೀಮ್ ಎದ್ದು ಅವರ ಕೆಮ್ಮು ತೆಗೆದ, ತರಗತಿ ಬಿದ್ದು ಬಿದ್ದು ನಕ್ಕಿತು. ಗದ್ದೆಪ್ಪ ಶಾಲೆಯ ಗಂಟೆಯನ್ನೇ ಮಿಮಿಕ್ರಿ ಮಾಡಿದ. ಈ ಗದ್ದಲ ಕೇಳಿ ಕರಿಬಸಯ್ಯನವರೇ ಬಾಗಿಲಿಗೆ ಬಂದು ನಿಂತರು. ಅವರ ಹಿಂದೆ ಮೆಹರಬಾನು.

ಆಗ ಹುಸ್ನಾ ಬೆಂಚು ಹಿಡಿದುಕೊಂಡು ಎದ್ದಳು. ಒಂದು ಚಾಕ್‌ಪೀಸ್ ತೆಗೆದುಕೊಂಡು ಮುಂದಿನ ಹಲ್ಲಿಗೆ ಟಿಕ್ ಟಿಕ್ ಎಂದು ಬಡಿದಳು. ನಾನು ಪೆನ್ನು ಬಡಿಯುವುದು ಹಾಗೆಯೇ. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿದಳು. ನಾನು ಏರಿಸುವುದೂ ಹಾಗೆಯೇ.

"ಪ್ರೀತಿಯ ಮಕ್ಕಳೇ," ಅಂದಳು. ನನ್ನದೇ ದನಿ. ನನ್ನ ಸುಡುಗಾಡು ಪುಸ್ತಕದ ಕನ್ನಡ. "ಹುಸ್ನಾ, ಊಟ ಆಯಿತಲ್ಲವೇ? ಆಯಿತು ಎಂದು ಬರೆದುಕೊಳ್ಳುತ್ತೇನೆ, ಅಲ್ಲವೇ?"

ತರಗತಿ ಸಿಡಿಯಿತು. ಕರಿಬಸಯ್ಯನವರೂ ನಕ್ಕರು. ಬಲೆ ಹಾಕಿದವನೇ ಬಲೆಯಲ್ಲಿ ಬಿದ್ದಿದ್ದೆ. ನಾನೂ ನಕ್ಕೆ. ಅವಳು ನಿಲ್ಲಿಸಲಿಲ್ಲ.

"ಅಮ್ಮಿ ನಾಲ್ಕು ರೊಟ್ಟಿ ಇಟ್ಟು ಹೋಗುತ್ತಾಳೆ, ಅಲ್ಲವೇ? ಎಲ್ಲರಿಗೂ ಒಂದೊಂದು. ದಾದಿ, ಅಂದರೆ ಅಜ್ಜಿ, ತನ್ನದನ್ನು ತಿಂದು ಮರೆತುಬಿಡುತ್ತಾಳೆ. ನನಗೆ ಕೊಟ್ಟೇ ಇಲ್ಲ ಎಂದು ಅಳುತ್ತಾಳೆ. ಹುಸ್ನಾ ತನ್ನದನ್ನು ಕೊಡುತ್ತಾಳೆ. ಮಧ್ಯಾಹ್ನ ದಾದಿ ಮತ್ತೆ ಅಳುತ್ತಾಳೆ, ಅದಕ್ಕೆ ಶಾಲೆಯ ಅನ್ನ ಡಬ್ಬಿಗೆ. ಹುಸ್ನಾಳಿಗೆ ಚಹಾ. ಚಹಾದಲ್ಲಿ ಬ್ರೊಕೊಲಿ ಹಾಕಿಕೊಳ್ಳಬೇಕು, ಅಲ್ಲವೇ?"

ಮುಂದಿನ ಬೆಂಚಿನ ನಗು ನಿಂತಿತು. ಆಮೇಲೆ ನಡುವಿನದು. ಕರಿಬಸಯ್ಯನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಬ್ಬೊಬ್ಬರ ನಗುವೂ ಆರುವುದನ್ನು ಹುಸ್ನಾ ನೋಡುತ್ತಿದ್ದಳು, ಅವಳ ಕೈಯ ಚಾಕ್‌ಪೀಸ್ ಕೆಳಗಿಳಿಯುತ್ತಿತ್ತು. ಎಲ್ಲರೂ ಸುಮ್ಮನಾದರೆ ಅದು ಆಟವಾಗಿ ಉಳಿಯುವುದಿಲ್ಲ. ಅವಳು ತನ್ನ ದನಿಗೆ ಮರಳುತ್ತಾಳೆ, ಆ ದನಿಗೆ ಗೊತ್ತಿರುವ ಉತ್ತರ ಒಂದೇ.

ಅದಕ್ಕೇ ನಾನು ನಗುತ್ತಲೇ ಇದ್ದೆ. ಒಬ್ಬನೇ, ಮೇಜು ಬಡಿದು ಬಡಿದು, ಕನ್ನಡಕ ಒದ್ದೆಯಾಗುವ ಹಾಗೆ. ನಗುತ್ತಲೇ, ಇನ್ನೂ ಹೇಳು ಎಂದು ಕೈಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು. ಚಾಕ್‌ಪೀಸ್ ಮತ್ತೆ ಹಲ್ಲಿಗೆ ಹೋಯಿತು. ಆದರೆ ಈ ಸಲ ಬಂದ ಮಾತು ನನ್ನದಾಗಿರಲಿಲ್ಲ.

"ನಮ್ಮ ಮನ್ಯಾಗ ಊಟ ಆಗಿಲ್ಲ ಅನ್ನಾಕಿ ದಾದಿ ಒಬ್ಬಾಕಿನ ರೀ ಸರ್. ಆಕಿಗಾದ್ರ ಆಗಿರ್ತೈತಿ. ನನಗ ಆಗಿಲ್ರಿ. ಇವತ್ತೂ ಆಗಿಲ್ಲ."

ಬಾಗಿಲಲ್ಲಿ ಮೆಹರಬಾನು ಕೆಳಗೆ ಕುಳಿತುಬಿಟ್ಟಳು. "ರೊಟ್ಟಿ ಬುಟ್ಟಿ ಖಾಲಿ ಇರ್ತಿತ್ರಿ," ಅಂದಳು, ಯಾರಿಗೂ ಅಲ್ಲ. "ತಿಂದಾಳ ಅಂತ ನಾ ತಿಳ್ಕೊಂಡಿದ್ದೆ."

ಕರಿಬಸಯ್ಯನವರು ಅರ್ಧ ಬರೆದ ಫಾರಂ ಮಡಚಿ ಜೇಬಿಗೆ ಹಾಕಿಕೊಂಡರು. ಡಾಕ್ಟರರ ನಂಬರ್ ಕೇಳಿದರು. ಕಸ್ತೂರೆಮ್ಮ ಯಾವಾಗ ಬಂದಳೋ, ತಟ್ಟೆಯಲ್ಲಿ ಬಿಸಿ ಅನ್ನ, ಬೇಳೆ, ಸುಲಿದ ಮೊಟ್ಟೆ ತಂದು ಹುಸ್ನಾಳ ಮುಂದಿಟ್ಟು, ಡಬ್ಬಿ ಕಸಿದುಕೊಂಡು ನಡುವಿಗೆ ಸಿಕ್ಕಿಸಿಕೊಂಡಳು. ಇದನ್ನ ನಿಮ್ಮ ದಾದಿಗೆ ನಾ ತುಂಬಿ ಕೊಡ್ತೀನಿ, ನೀ ತಟ್ಟಿ ತೊಳಿಯಾಕ ಬಾ ಅಂದಳು.

ಹುಸ್ನಾ ಮೊದಲ ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದಳು. ತಪ್ಪು ಮಾಡಿದೆನೇನೋ ಎಂಬ ನೋಟ. ನಗು ನಿಲ್ಲಿಸಲು ಧೈರ್ಯವಾಗಲಿಲ್ಲ ನನಗೆ. ಅವಳು ಎರಡನೇ ತುತ್ತು ಎತ್ತುವ ತನಕ, ಮೂರನೆಯದರ ತನಕ, ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಇದ್ದೆ.