ಉದ್ದಗಾಲಿನ ಜೈಲುಕುರ್ಚಿ

ನಾನು ಒಂದು ತೋಳುಕುರ್ಚಿ. ಹುಟ್ಟಿದ್ದು ಜೈಲಿನಲ್ಲಿ, ಅಪರಾಧ ಮಾತ್ರ ನನ್ನದಲ್ಲ. ಅಲ್ಲಿನ ಬಡಗಿ ಖೋಲಿಯಲ್ಲಿ ಮೌನೇಶ ಎಂಬ ಜೀವಾವಧಿ ಕೈದಿ ನನ್ನನ್ನು ಸಾಗುವಾನಿಯಿಂದ ಮಾಡಿದ. ಉದ್ದವಾಗಿದ್ದ ಒಂದು ಕಾಲಿನ ತುದಿ ಕೊಯ್ಯುವಷ್ಟರಲ್ಲಿ ಸಂಜೆಯ ಗಂಟೆ ಹೊಡೆಯಿತು. ಗಂಟೆ ಹೊಡೆದರೆ ಗರಗಸ, ಉಳಿ ಎಲ್ಲ ಒಪ್ಪಿಸಲೇಬೇಕು; ಆ ಕಾಲು ಉದ್ದವಾಗಿಯೇ ಉಳಿಯಿತು. ಕುರ್ಚಿ ಮಾಡುವ ಕೈದಿ ಕುರ್ಚಿಯ ಮೇಲೆ ಕೂರುವಂತಿರಲಿಲ್ಲ. ಹಾಗಾಗಿ ನಾನು ಅಲುಗಾಡುವುದು ಯಾರಿಗೂ ತಿಳಿಯದೆ, ಬೆಳಿಗ್ಗೆ ಕಾನೂನು ಕಾಲೇಜಿನ ಪಾಲಾದೆ.

ಅಲ್ಲಿ ನನ್ನ ಮೇಲೆ ಕೂತವರು ಪ್ರೊಫೆಸರ್ ನೀಲಾಂಬಿಕಾ ಹುಲಕೋಟಿ. "ಶಿಕ್ಷಾ ಅಂದ್ರ ಸ್ವಾತಂತ್ರ್ಯ ಕಳಕೊಳ್ಳೂದಷ್ಟ, ಮರ್ಯಾದಿ ಅಲ್ಲ!" ಎಂದು ನನ್ನ ತೋಳನ್ನು ಗುದ್ದುವರು. ನಾನು ಟಕ್ ಎಂದು ವಾಲುವೆ. ಹುಡುಗರಿಗೆ ಕೈದಿಗಳ ಹಕ್ಕಿಗಿಂತ ಆ ಟಕ್ ಚೆನ್ನಾಗಿ ನೆನಪಿರುತ್ತಿತ್ತು. ನಿವೃತ್ತಿಯ ದಿನ ಶಾಲು, ಹಾರದ ಜೊತೆ ನನ್ನನ್ನೂ ಅವರಿಗೆ ಕೊಟ್ಟು ಕಾಲೇಜು ಕೈತೊಳೆದುಕೊಂಡಿತು.

ನಿವೃತ್ತಿಯ ಮೇಲೆ ಮೇಡಂ ಕೈದಿಗಳಿಗೆ ಕಾನೂನಿನ ನೆರವು ಕೊಡಲು ಪ್ರತಿ ವಾರ ಜೈಲಿಗೆ ಹೋಗತೊಡಗಿದರು. ಅಲ್ಲಿ ಕೈದಿಗಳು ನಿಂತೇ ಮಾತಾಡಬೇಕು. ಅವರಿಗೊಂದು ಕುರ್ಚಿ ಕೇಳಿದರೆ ಜೈಲಿನವರು ಇಲ್ಲ ಎಂದರು. ಸರಿ, ನನ್ನನ್ನೇ ಆಟೋದಲ್ಲಿ ಹಾಕಿಕೊಂಡು ನಡೆದರು. ತವರಿಗೆ ಹೊರಟ ಮಗಳ ಸಂಭ್ರಮ ನನಗೆ!

ಒಳಗೆ ಹೋಗುವವರ ಕೈಗೆ ಬಾಗಿಲಲ್ಲಿ ಶಾಯಿಯ ಮುದ್ರೆ ಒತ್ತುತ್ತಾರೆ. ಅದನ್ನು ತೋರಿಸಿದರಷ್ಟೇ ಹೊರಗೆ ಬಿಡುತ್ತಾರೆ. ಪಹರೆಯ ದ್ಯಾಮಣ್ಣ ಮೇಡಂ ಕೈಗೊಂದು, ಯಾವುದಕ್ಕೂ ಇರಲಿ ಎಂದು ನನ್ನ ತೋಳಿಗೊಂದು ಒತ್ತಿದ.

ಒಳಗೆ ಮೌನೇಶ ಸಿಕ್ಕ. ತಲೆ ನರೆತಿತ್ತು. ನನ್ನನ್ನು ಸವರಿ, "ಇದು ನನ್ನ ಕೈಯಾಗಿಂದ್ರೀ ಅಕ್ಕಾರ" ಎಂದ.

"ಹಂಗಾರ ಕೂಡ್ರಪಾ."

"ಬಿಡುಗಡಿ ಆದ ಮ್ಯಾಲ ನೋಡೂಣ್ರೀ."

ಅವಧಿಗೆ ಮುಂಚೆ ಬಿಡುಗಡೆ ಕೋರಿ ಅವನು ಕೊಟ್ಟಿದ್ದ ಅರ್ಜಿ ಜೈಲಿನ ಸಾಹೇಬರ ಟೇಬಲ್ ಬಿಟ್ಟು ಕದಲಿರಲಿಲ್ಲ. ಮೇಡಂ ಕೇಳಲು ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿ.

ಹೊರಡುವಾಗ ನೋಡಿದರೆ ಮೇಡಂ ಕೈಯಲ್ಲಿ ಮುದ್ರೆಯೇ ಇಲ್ಲ! ಬೆವರು ಒರೆಸಿಕೊಂಡ ಸೆರಗಿಗೆ ಅಂಟಿತ್ತು.

"ಕುರ್ಚಿ ಹೋಗಬಹುದ್ರೀ. ನೀವು ಹೋಗಂಗಿಲ್ರೀ" ಎಂದ ದ್ಯಾಮಣ್ಣ.

"ಈಗಿನ್ನ ನೀನ ಒತ್ತೀಯಲ್ಲೋ!"

"ಹೌದ್ರೀ. ಆದ್ರ ರೂಲ್ಸ್ ಅಂದ್ರ ರೂಲ್ಸ್ ನೋಡ್ರೀ. ಸಾಹೇಬ್ರ ಬರಬೇಕು."

ಎಂದೂ ಸಿಗದ ಸಾಹೇಬರು ಏದುಸಿರು ಬಿಡುತ್ತ ಬಂದರು. "ತಪ್ಪಾತ್ರೀ ಮೇಡಂ, ಹೋಗ್ರಿ."

ಮೇಡಂ ನನ್ನ ಮೇಲೆ ಗಟ್ಟಿಯಾಗಿ ಕೂತರು. "ಮೌನೇಶನ ಅರ್ಜಿ ಹೊರಗ ಹೋಗೂ ತನಕ ನಾ ಹೋಗೂದಿಲ್ರೀ."

"ಒಳಗ ಇರಾಕ ಕೋರ್ಟ್ ಆರ್ಡರ್ ಬೇಕ್ರೀ!"

"ಹೊರಗ ಹೋಗಾಕ ಮುದ್ರಿ ಬೇಕಲ್ರೀ?"

ದ್ಯಾಮಣ್ಣ ಗೋಡೆಯತ್ತ ತಿರುಗಿ ನಕ್ಕ. ಸಾಹೇಬರು ಅರ್ಜಿ ತರಿಸಿ, ನನ್ನ ತೋಳಿನ ಮೇಲೆಯೇ ಇಟ್ಟು ಸಹಿ ಹಾಕಿದರು. ಅಂದು ನಾನು ಅಲುಗಾಡದಂತೆ ಉಸಿರು ಬಿಗಿಹಿಡಿದಿದ್ದೆ. ಅರ್ಜಿ ಹತ್ತಾರು ಕಚೇರಿ ಸುತ್ತಿ ಕೊನೆಗೂ ಮಂಜೂರಾಯಿತು.

ಈಗ ನಾನು ಮೇಡಂ ಮನೆಯ ಪಡಸಾಲೆಯಲ್ಲಿದ್ದೇನೆ. ಬೆನ್ನಿನ ಬೆತ್ತ ಹರಿದಿದೆ, ತೋಳಿನ ಮುದ್ರೆ ಮಾಸಿದೆ. ಮೊನ್ನೆ ಮೌನೇಶ ಗರಗಸ ಹಿಡಿದು ಬಂದ. ಬಂದವನೇ ನನ್ನನ್ನು ಬೋರಲು ಹಾಕಿ, ಅಂದು ಕೊಯ್ಯದೆ ಉಳಿದಿದ್ದ ಉದ್ದಗಾಲಿಗೆ ಗರಗಸ ಹಚ್ಚಿದ.

"ಮೊದಲ ಚಾ ಕುಡಿಯೋ" ಎಂದರು ಮೇಡಂ.

"ತಡೀರಿ ಅಕ್ಕಾರ, ಗಂಟಿ ಹೊಡಿಯೂದ್ರಾಗ ಮುಗಿಸಿಬಿಡತೇನಿ."

"ಇಲ್ಲಿ ಗಂಟಿ ಇಲ್ಲೋ ಮೌನೇಶಪ್ಪಾ."

ಅವನ ಕೈ ನಿಂತಿತು. ನನಗೆ ಅಳು ಬಂತು. ಆಮೇಲೆ ಅವನು ನಿಧಾನವಾಗಿ ಕೊಯ್ದು, ನನ್ನನ್ನು ನೆಟ್ಟಗೆ ನಿಲ್ಲಿಸಿ, ಅಂಜುತ್ತ ಅಂಜುತ್ತ ಕೂತ. ನಾನು ಅಲುಗಾಡಲಿಲ್ಲ. ಚಹಾ ಆರಿತು. ಅವನು ಏಳಲಿಲ್ಲ.