ಮಸಣದ ತೋಪಿನ ಗಡಿ

ಜಿಲ್ಲಾ ಕೃಷಿ ಕಚೇರಿಯಿಂದ ತಪಾಸಣೆಗೆ ಬಂದ ಚಿಲೆಂಬಾ ಮೋಟಾರ್ ಸೈಕಲ್ಲಿನಿಂದ ಇಳಿದವನೇ, ಕೊಟ್ಟ ಜೋಳದ ಹುಳಿಗಂಜಿ ಥೊಬ್ವಾದ ಲೋಟವನ್ನೂ ಮುಟ್ಟದೆ, ಎನೆಲೆಸಿಯನ್ನು ಕಳ್ಳಿ ಅಂದುಬಿಟ್ಟ. ಬಾಯಿಬಿಟ್ಟು ಅನ್ನಲಿಲ್ಲ ಅನ್ನಿ, ಓದಿದವರು ಹಾಗೆಲ್ಲ ಅನ್ನುವುದಿಲ್ಲ. "ಅಮ್ಮಾ, ಈ ಏಳು ಹೊಲದ ಅಳತೆ ಇಷ್ಟು ದೊಡ್ಡದು ಹೇಗಾಯ್ತು, ಸ್ವಲ್ಪ ಹೇಳ್ತೀರಾ?" ಎಂದ, ಅಷ್ಟೇ. ಮಾವಿನ ಮರದ ಕೆಳಗೆ ಕೂತಿದ್ದ ಊರವರಿಗೆಲ್ಲ ಅರ್ಥವಾಯಿತು.

ಎನೆಲೆಸಿ ಆ ಊರಿನ ರೈತರ ಮುಂದಾಳು. ಬೀಜ-ಗೊಬ್ಬರ ಹಂಚುವ ಯೋಜನೆಯವರು ಕೊಟ್ಟ ಫೋನನ್ನು ಹಿಡಿದು ನಲವತ್ತಮೂರು ಹೊಲಗಳ ಗಡಿಯನ್ನು ಅವಳೇ ಸುತ್ತಿದ್ದಳು. ಅಂಚಿನಲ್ಲಿ ನಡೆದಂತೆಲ್ಲ ಫೋನಿನಲ್ಲಿ ಗೆರೆ ಮೂಡುತ್ತದೆ. ಹೊರಟ ಜಾಗಕ್ಕೆ ವಾಪಸ್ಸು ಬಂದರೆ ಹೊಲ ಎಷ್ಟಿದೆಯೆಂದು ಅದೇ ಹೇಳುತ್ತದೆ. ಆ ಅಳತೆಯ ಮೇಲೆ ಬೀಜ, ಗೊಬ್ಬರ. ಮಳೆ ಯಾವತ್ತು ಹಿಡಿಯುತ್ತದೆಂದು ಅವರದೇ ಚಿಚೇವಾ ಭಾಷೆಯಲ್ಲಿ ಹೇಳುವ ಫೋನ್ ಕರೆಯೂ ಪಟ್ಟಿಯಲ್ಲಿದ್ದವರಿಗೆ ಮಾತ್ರ. ಹೋದ ವರ್ಷ ಆ ಕರೆಯನ್ನು ನಂಬಿ ನಾಲ್ಕು ದಿನ ತಡೆದು ಬಿತ್ತಿದವರ ಮೆಕ್ಕೆಜೋಳ ಎದೆಯೆತ್ತರ ಬೆಳೆದಿತ್ತು. ಈಗ ಅಕ್ಟೋಬರ್ ಮುಗಿಯುತ್ತಿದೆ, ಮಳೆ ಹತ್ತಿರ ಬಂತು, ಸಾಲು ಎಳೆದಾಗಿದೆ, ಬೀಜ ಮಾತ್ರ ಬಂದಿಲ್ಲ.

ಚಿಲೆಂಬಾ ಟ್ಯಾಬನ್ನು ತಿರುಗಿಸಿ ತೋರಿಸಿದ. ಆಕಾಶದಿಂದ ತೆಗೆದ ಚಿತ್ರದಲ್ಲಿ ಊರ ಹೊಲಗಳೆಲ್ಲ ಕಂದು, ನಡುವೆ ಮಸಣದ ತೋಪೊಂದೇ ಹಸಿರು. ತೋಪಿಗೆ ತಾಗಿದ ಏಳು ಹೊಲಗಳ ಗೆರೆ, ಏಳೂ, ತೋಪನ್ನು ಒಳಗೆ ಹಾಕಿಕೊಂಡಿದ್ದವು.

"ಒಂದೇ ತೋಪನ್ನ ಏಳು ಜನ ನುಂಗಿದ್ದೀರಲ್ಲಮ್ಮಾ! ನಾನು ಮೇಲಕ್ಕೆ ಬರೀಲೇಬೇಕು. ಬರೆದ್ರೆ ಇಡೀ ಊರೇ ಪಟ್ಟಿಯಿಂದ ಹೋಗತ್ತೆ."

"ಏನಪ್ಪಾ, ಸತ್ತೋರ ಎದೆ ಮೇಲೆ ಜೋಳ ಬಿತ್ತೋ ಜನ ಅಂದ್ಕೊಂಡ್ಯಾ ನಮ್ಮನ್ನ?" ಎಂದು ಜೆಲಿಫಾ ಅಜ್ಜಿ ಚಾಪೆಯಿಂದಲೇ ಗದರಿದಳು. ಅವಳ ಹೊಲವೂ ಆ ಏಳರಲ್ಲಿ ಒಂದು.

ಎನೆಲೆಸಿ ಟ್ಯಾಬಿನತ್ತ ಬಗ್ಗಿ ನೋಡಿದಳು. ಮೊದಲನೆಯ ಹೊಲ ಅವಳದೇ. ಅವರಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುವುದು ನಿಜ, ಆದರೆ ಸರ್ಕಾರದ ಯಾವ ಕಾಗದ ಬಂದರೂ ಅದರಲ್ಲಿ ಸೋದರಮಾವನ ಹೆಸರೇ ಇರುತ್ತಿತ್ತು. ಈ ಸಲ ಮೊದಲ ಬಾರಿಗೆ ಅವಳ ಹೆಸರು ಬಂದಿತ್ತು. ಬಂದ ವರ್ಷವೇ ಅದರ ಪಕ್ಕದಲ್ಲಿ ಕಳ್ಳಿ ಎಂದು ಸೇರಿಕೊಂಡರೆ ಹೇಗೆ ಸಹಿಸುವುದು?

"ನಾನು ಗಡಿ ಬಿಟ್ಟು ಒಂದ್ ಹೆಜ್ಜೆ ಇಟ್ಟಿಲ್ಲ ಸಾರ್."

"ಹಾಗಾದ್ರೆ ಇನ್ನೊಂದ್ಸಲ ನಡೆದು ತೋರಿಸಿ."

"ನೀವೇ ನಡೀರಿ. ನನ್ನ ಕೈಲಿ ಫೋನಿದ್ರೆ ಮತ್ತೆ ಏನೋ ಮಾಡಿದ್ಲು ಅಂತೀರಿ."

ಸರಿ, ಚಿಲೆಂಬಾ ಫೋನು ಹಿಡಿದು ಎನೆಲೆಸಿಯ ಹೊಲದ ಅಂಚಿನಲ್ಲಿ ಮುಂದೆ ಹೊರಟ. ಹಿಂದೆ ಎನೆಲೆಸಿ, ಅವಳ ಹಿಂದೆ ಕೋಲೂರಿಕೊಂಡು ಅಜ್ಜಿ, ಆಮೇಲೆ ಅರ್ಧ ಊರು. ದಾರಿಯುದ್ದಕ್ಕೂ ಅವನ ಉಪದೇಶವೋ ಉಪದೇಶ! ಯಂತ್ರಕ್ಕೆ ಸುಳ್ಳು ಗೊತ್ತಿಲ್ಲವಂತೆ, ಮನುಷ್ಯರೇ ಅದಕ್ಕೆ ಕಲಿಸುವುದಂತೆ. ಮರಗೆಣಸಿನ ಗಿಡ ದಾಟಿದರು, ಹುತ್ತ ದಾಟಿದರು, ತೋಪಿನ ಹತ್ತಿರ ಬಂದರು. ಅಲ್ಲಿ ಹೊಲದ ಗಡಿ ನೇರವಾಗಿ ಮರಗಳ ನೆರಳಿನೊಳಗೆ ಹೋಗುತ್ತದೆ. ಕಾಲುದಾರಿ ಮಾತ್ರ ತೋಪಿನ ಆಚೆ ಬದಿಯಿಂದ ಬಳಸಿ ಬರುತ್ತದೆ.

ಚಿಲೆಂಬಾನ ಮಾತು ನಿಂತಿತು. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ತಲೆ ತಗ್ಗಿಸಿದ, ಕಾಲುದಾರಿ ಹಿಡಿದು ಆಚೆ ಬದಿಯಿಂದ ಸುತ್ತಿಕೊಂಡು ಬಂದ. ಯಾರೂ ಅವನಿಗೆ ಹೇಳಿರಲಿಲ್ಲ. ಹೆಗಲ ಮೇಲೆ ಹೆಣವಿಲ್ಲದೆ ಆ ಮರಗಳ ಕೆಳಗೆ ಕಾಲಿಡಬಾರದೆಂದು ಹೇಳಿಸಿಕೊಳ್ಳಬೇಕಾದ ಮನುಷ್ಯ ಆ ಸೀಮೆಯಲ್ಲಿ ಹುಟ್ಟಿಲ್ಲ. ಎನೆಲೆಸಿಯೂ ಹಾಗೆಯೇ ಹಿಂದೆ ನಡೆದಳು, ತಾನು ಗಡಿ ಬಿಟ್ಟಿದ್ದೇನೆಂಬ ಅರಿವೇ ಅವಳಿಗಿರಲಿಲ್ಲ. ತೋಪು ದಾಟಿದ ಮೇಲೆ ಅವನು ಟೋಪಿ ಹಾಕಿಕೊಂಡು ಉಪದೇಶವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದ.

ಹೊರಟ ಜಾಗ ಮುಟ್ಟಿದಾಗ ಫೋನು ಕೂಗಿತು. ಚಿಲೆಂಬಾ ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಅಯ್ಯೋ," ಎಂದ.

ಅಜ್ಜಿ ಕತ್ತು ಚಾಚಿ ಇಣುಕಿದಳು. "ನೀನೂ ತೋಪು ನುಂಗಿದ್ಯಾ? ಬಾರಪ್ಪಾ ಬಾ, ಎಂಟನೇ ಕಳ್ಳ ನೀನೇ!"

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಿಲೆಂಬಾನೂ ನಕ್ಕ, ಆದರೆ ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ. "ತಪ್ಪಾಯ್ತಮ್ಮಾ. ನನ್ನ ಕಾಲೂ ನಿಮ್ಮ ಕಾಲಿನ ಹಾಗೇ ಅಂತ ನಂಗೇ ಗೊತ್ತಿರ್ಲಿಲ್ಲ," ಎಂದ. ಎನೆಲೆಸಿ ನಗಲಿಲ್ಲ. ಇಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಆಗ ಬಂತು.

ಒಮ್ಮೆ ಕಳಿಸಿದ ಗಡಿಯನ್ನು ತಿದ್ದಲು ಬರುವುದಿಲ್ಲವಂತೆ. ಆದರೆ ತೋಪನ್ನೇ ಬೇರೆ ಹೊಲವೆಂದು ಸೇರಿಸಿದರೆ ಏಳೂ ಹೊಲಗಳಿಂದ ಅಷ್ಟು ಜಾಗ ತಾನಾಗಿ ಕಳೆದುಹೋಗುತ್ತದೆ ಎಂದ ಚಿಲೆಂಬಾ. ಅದಕ್ಕೆ ಹೊಲದ ಬದಿಯಲ್ಲಿ ಮರಗಳ ಕೆಳಗೆ ನಡೆಯುವವರು ಯಾರು?

"ಕೆಳಗೆ ಯಾಕೆ ಹೋಗ್ಬೇಕು? ನಮ್ಮ ಹೊಲದಲ್ಲೇ ಒಂದೊಂದು ಸಾಲು ಸತ್ತೋರಿಗೆ ಬಿಟ್ಟು ಈಚೆಯಿಂದ ನಡೆಯೋಣ," ಎಂದಳು ಎನೆಲೆಸಿ, ಮೂಗು ಒರೆಸಿಕೊಳ್ಳುತ್ತಾ. ಏಳು ಮನೆಯವರೂ ಹೂಂಗುಟ್ಟಿದರು.

ಈ ಸಲ ಚಿಲೆಂಬಾ ಫೋನನ್ನು ಅವಳ ಕೈಗೇ ಕೊಟ್ಟ. ಅವಳು ಸುತ್ತಿ ಬಂದಳು, ತೋಪಿಗೆ ತನ್ನದೇ ಒಂದು ಗೆರೆ ಸಿಕ್ಕಿತು. ಆಮೇಲೆ ಫೋನು ಆ ಹೊಲದ ರೈತರ ಹೆಸರು ಕೇಳಿತು. ಖಾಲಿ ಬಿಟ್ಟರೆ ಮುಂದಕ್ಕೇ ಹೋಗದು.

"ನಿಮ್ಮ ಸೋದರಮಾವನ ಹೆಸರು ಹಾಕ್ಲಾ?" ಎಂದ ಚಿಲೆಂಬಾ.

"ಬೇಡ. ಏಸ್ನಾತಿ ನಾಫಿರಿ ಅಂತ ಹಾಕಿ. ನಮ್ಮಮ್ಮ. ಈ ತೋಪಿನೊಳಗೆ ಮಲಗಿ ನಾಲ್ಕು ವರ್ಷ ಆಯ್ತು. ಬದುಕಿರೋವರೆಗೂ ಗುದ್ದಲಿ ಬಿಡ್ಲಿಲ್ಲ, ಯಾವ ಕಾಗದಕ್ಕೂ ಅವಳ ಹೆಸರು ಬರ್ಲಿಲ್ಲ."

ಚಿಲೆಂಬಾ ಫೋನನ್ನು ಕೈಗೆ ತೆಗೆದುಕೊಂಡ. "ಮಸಣ ಅಂತ ಕೆಳಗೆ ಷರಾ ಬರೀತೀನಿ. ಕೇಳಿದ್ರೆ ನಾನೇ ಉತ್ತರ ಕೊಡ್ತೀನಿ," ಎಂದ. "ಬೆಳೆ ಏನು ಅಂತ ಕೇಳ್ತಿದೆ. ಏನೂ ಇಲ್ಲ ಅನ್ನೋಕೆ ಇದ್ರಲ್ಲಿ ಜಾಗ ಇಲ್ಲ."

"ಕಡಲೆಕಾಯಿ ಹಾಕಿ ಸಾರ್. ಹಲ್ಲು ಹೋದ್ಮೇಲೂ ಕುಟ್ಟಿಸ್ಕೊಂಡು ತಿಂತಿದ್ಲು."

ಅವನು ಬರೆದ. ಬರೆದದ್ದನ್ನು ಮೆಲ್ಲಗೆ ಓದಿ ಹೇಳಿದ: "ರೈತರು, ಏಸ್ನಾತಿ ನಾಫಿರಿ."

ಎನೆಲೆಸಿ ತೋಪಿನ ಕಡೆ ತಿರುಗಿ ನಿಂತಳು. "ಇನ್ನೊಂದ್ಸಲ ಓದಿ ಸಾರ್, ಸ್ವಲ್ಪ ಜೋರಾಗಿ," ಎಂದಳು. "ಅವಳಿಗೆ ಕಿವಿ ಮಂದ."