ಎರಡು ಸೂರಿನ ನಡುವಣ ದೋಣಿ

ಶಿಡ್ಲಘಟ್ಟದಲ್ಲಿ ನರಸಿಂಹಪ್ಪನ ಮನೆಗೂ ಖಲೀಮುಲ್ಲಾನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಎರಡು ಮನೆಯ ಹೆಂಚಿನ ಮಾಡುಗಳೂ ಆ ಗೋಡೆಯ ಕಡೆಗೇ ಇಳಿದಿದ್ದವು. ಇಳಿದ ನೀರನ್ನು ಹಿಡಿದು ಬೀದಿಗೆ ಬಿಡಲು ಗೋಡೆಯ ನೆತ್ತಿಯ ಮೇಲೆ ಉದ್ದಕ್ಕೂ ತಗಡಿನ ದೋಣಿ ಹಾಕಿದ್ದರು. ಮೂವತ್ತೆರಡು ಅಡಿ ಉದ್ದ, ಒಂದಡಿ ಅಗಲ. ಹಿತ್ತಲ ಕಡೆ ಎತ್ತರ, ಬೀದಿಯ ಕಡೆ ತಗ್ಗು.

ಬೀದಿಯಂಚಿನಲ್ಲಿ ಒಂದು ಹೊಂಗೆಮರವಿತ್ತು. ಅದು ಮೊದಲು ಎಲೆ, ಆಮೇಲೆ ಹೂವು ಉದುರಿಸಿ ದೋಣಿ ತುಂಬಿಸುತ್ತಿತ್ತು. ತೆಗೆಯದೆ ಬಿಟ್ಟರೆ ಮೊದಲ ಮಳೆಗೇ ನೀರು ಕಟ್ಟಿಕೊಂಡು, ಹೆಂಚಿನ ಅಡಿಗೆ ನುಗ್ಗಿ ಗೋಡೆಗೆ ಇಳಿಯುತ್ತಿತ್ತು. ಗೋಡೆ ಮಣ್ಣಿನದು. ಹಾಗಾಗಿ ಯುಗಾದಿ ಕಳೆದು ಹೂವು ನಿಂತ ಮೇಲೆ, ಭರಣಿ ಮಳೆಗೆ ಮೊದಲು, ದೋಣಿ ಚೊಕ್ಕ ಮಾಡುವುದು ವಾಡಿಕೆ. ಒಂದು ವರ್ಷ ಈ ಮನೆಯವರು, ಮರುವರ್ಷ ಆ ಮನೆಯವರು.

ಇನ್ನೊಂದು ವಾಡಿಕೆಯೂ ಇತ್ತು. ಏಣಿ ಹತ್ತುವ ಮೊದಲು ಮೂರು ಸಲ ಕೂಗಬೇಕು. ಗೋಡೆಯ ಮೇಲೆ ನಿಂತವನಿಗೆ ಪಕ್ಕದ ಹಿತ್ತಲು ಪೂರ್ತಿ ಕಾಣುತ್ತದೆ. ಖಲೀಮುಲ್ಲಾನ ಮನೆಯ ಹೆಂಗಸರು ಗೋಷಾದವರು. ನರಸಿಂಹಪ್ಪ ಕೂಗಿದರೆ ಖಲೀಮುಲ್ಲಾನ ಹೆಂಡತಿ ವಜೀರುನ್ನೀಸಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಚಿಲಕ ಅಲ್ಲಾಡಿಸುತ್ತಿದ್ದಳು. ಆ ಸದ್ದು ಕೇಳಿದ ಮೇಲೆಯೇ ಅವನು ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದದ್ದು. ಖಲೀಮುಲ್ಲಾ ಹತ್ತುವಾಗಲೂ ಹಾಗೆಯೇ ಕೂಗುತ್ತಿದ್ದ. ನರಸಿಂಹಪ್ಪನ ಹೆಂಡತಿ ಅಶ್ವತ್ಥಮ್ಮ ಗೋಷಾದವಳಲ್ಲ. ಆದರೂ ಅವನು ಒಮ್ಮೆಯೂ ತಪ್ಪಿಸಿದವನಲ್ಲ.

ಐವತ್ತೇಳನೆಯ ಇಸವಿಯಲ್ಲಿ ಸರದಿ ನರಸಿಂಹಪ್ಪನದು. ಹೂವು ಉದುರುತ್ತಿದ್ದಾಗಲೇ ಅವನು ಜ್ವರದಲ್ಲಿ ತೀರಿಕೊಂಡ. ಹನ್ನೊಂದನೆಯ ದಿನ ಮನೆ ತುಂಬ ನೆಂಟರಿದ್ದಾಗ ಸೂರಿನ ಮೇಲೆ ಹೆಜ್ಜೆ ಸದ್ದಾಯಿತು. ಖಲೀಮುಲ್ಲಾ ದೋಣಿಯ ಕಸ ತೆಗೆಯುತ್ತಿದ್ದ. ಮೂರು ಸಲ ಕೂಗಿದ್ದು ಒಳಗಿನ ಗದ್ದಲದಲ್ಲಿ ಯಾರಿಗೂ ಕೇಳಿರಲಿಲ್ಲ. ಅಶ್ವತ್ಥಮ್ಮ ಮೂಲೆಯಲ್ಲಿ ಕೂತು ಆ ಹೆಜ್ಜೆಗಳನ್ನು ಕೇಳಿಸಿಕೊಂಡಳು. ಆಮೇಲೆ ಆ ವಿಷಯವನ್ನು ಎರಡು ಮನೆಯವರೂ ಎತ್ತಲಿಲ್ಲ.

ಮರುವರ್ಷ ತೊಡಕು ಬಂದದ್ದು ಅಲ್ಲಿಂದಲೇ. ಹಳೆಯ ಎಣಿಕೆಯಲ್ಲಿ ಐವತ್ತೆಂಟರ ಸರದಿ ಖಲೀಮುಲ್ಲಾನದು. ಆದರೆ ಅವನು ಹಿಂದಿನ ವರ್ಷವೇ ಮಾಡಿದ್ದಾನೆ. ಮಾಡಿದ್ದನ್ನು ಉಪಕಾರ ಎಂದು ಬದಿಗಿಡಬೇಕೋ, ಸರದಿ ಎಂದು ಎಣಿಸಬೇಕೋ ಅಶ್ವತ್ಥಮ್ಮನಿಗೆ ತಿಳಿಯಲಿಲ್ಲ. ಕೇಳೋಣವೆಂದರೆ, ಸಾವಿನ ಮನೆಗೆ ಮಾಡಿದ ಸಹಾಯವನ್ನು ಲೆಕ್ಕಕ್ಕೆ ಎಳೆದಂತಾಗುತ್ತದೆ. ಅದೂ ಅಲ್ಲದೆ ಆ ವರ್ಷ ಯುಗಾದಿಯ ಚಂದ್ರ, ರಂಜಾನಿನ ಚಂದ್ರ ಎರಡೂ ಒಂದೇ ಆಗಿದ್ದವು. ಉಪವಾಸವಿರುವವನಿಗೆ ಬಿಸಿಲಲ್ಲಿ ಸೂರು ಹತ್ತು ಎಂದು ಯಾವ ಬಾಯಲ್ಲಿ ಹೇಳುವುದು?

ಪೆರೇಸಂದ್ರದಿಂದ ಬಂದಿದ್ದ ಮೈದುನ ಕೋನಪ್ಪನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಈ ಸಲ ಅವರದೇ ಸರದಿ, ನಾವು ಮಾಡಿದರೆ ಕ್ರಮ ಕೆಡುತ್ತದೆ, ಸುಮ್ಮನಿರು ಎಂದ. ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಅಶ್ವತ್ಥಮ್ಮನಿಗೆ ಗಂಡುಮಕ್ಕಳಿಲ್ಲ, ಮಗಳನ್ನು ಗೌರಿಬಿದನೂರಿಗೆ ಕೊಟ್ಟಿದ್ದಳು. ಹಿಪ್ಪುನೇರಳೆ ತೋಟವನ್ನು ತನಗೆ ಬಿಟ್ಟು, ಮನೆಗೆ ಬೀಗ ಹಾಕಿ, ಅತ್ತಿಗೆ ಪೆರೇಸಂದ್ರಕ್ಕೆ ಬಂದಿರಲಿ ಎಂಬುದು ಅವನ ಆಲೋಚನೆ. ಇದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಒಂದು ರೇಷ್ಮೆ ಬೆಳೆ ನಾನೇ ಎತ್ತಿ ನೋಡುತ್ತೇನೆ ಎಂದು ಅವಳು ಕೇಳಿಕೊಂಡಿದ್ದಳು. "ನೋಡತ್ತಿಗೆ," ಎಂದು ಹೇಳಿ ಅವನು ಬಸ್ಸು ಹತ್ತಿದ್ದ, "ಗೂಡು ಕಟ್ಟಿದ್ರೆ ನಿನ್ನಿಷ್ಟ. ಕಟ್ಟಲಿಲ್ಲ ಅಂದ್ರೆ ನಾನು ಹೇಳ್ದಂಗೆ."

ರೇಷ್ಮೆಹುಳುವಿನ ಕೋಣೆ ಇದ್ದದ್ದು ಆ ನಡುಗೋಡೆಗೆ ಒತ್ತಿಕೊಂಡೇ. ಐವತ್ತು ಚಿಟ್ಟೆ ಇಟ್ಟ ಮೊಟ್ಟೆಯ ಹುಳು, ಇಪ್ಪತ್ನಾಲ್ಕು ತಟ್ಟೆ. ಏಪ್ರಿಲ್ ಇಪ್ಪತ್ತಮೂರರ ಸಂಜೆ, ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಐದನೆಯ ದಿನ, ಕಾಲು ಗಂಟೆ ಮಳೆ ಬಂತು. ಭರಣಿಗೆ ಇನ್ನೂ ನಾಲ್ಕು ದಿನವಿತ್ತು. ಗೋಡೆಯ ಮೇಲೆ ತೊಲೆಯ ಕೆಳಗಿನಿಂದ ಗೇಣಗಲದ ಒದ್ದೆ ಇಳಿಯಿತು. ಅಂಚಿನ ಮೂರು ತಟ್ಟೆಗಳ ಮೇಲೆ ನೀರು ತೊಟ್ಟಿಕ್ಕಿತು. ಅವಳು ಆ ಮೂರನ್ನೂ ಬೇರೆ ಇಟ್ಟಳು. ಒದ್ದೆ ಸೊಪ್ಪು ತಿಂದ ಹುಳುವಿಗೆ ಸಪ್ಪೆ ರೋಗ ಬರುತ್ತದೆ, ಬಂದರೆ ಕೋಣೆಯೇ ಖಾಲಿ. ಉಳಿದ ಇಪ್ಪತ್ತೊಂದನ್ನು ಇಡಲು ಬೇರೆ ಜಾಗವಿರಲಿಲ್ಲ; ಅಡುಗೆಮನೆಯ ಹೊಗೆ ಹುಳುವಿಗೆ ಆಗದು. ಹಣ್ಣಾಗಿ ಗೂಡು ಕಟ್ಟಲು ಇನ್ನೂ ಎರಡು ದಿನ ಬೇಕಿತ್ತು.

ಮರುದಿನ ಮಧ್ಯಾಹ್ನ ನಂದಿಬೆಟ್ಟದ ಕಡೆ ಮೋಡ ಕಟ್ಟಿತು. ಖಲೀಮುಲ್ಲಾ ಹಬ್ಬ ಮುಗಿಸಿ ಚಿಂತಾಮಣಿಯ ನೆಂಟರ ಮನೆಗೆ ಹೋಗಿದ್ದ. ಬೀದಿಯಲ್ಲಿ ಕರೆಯಲು ಒಬ್ಬ ಗಂಡಸೂ ಇರಲಿಲ್ಲ. ಅಶ್ವತ್ಥಮ್ಮ ದನದ ಕೊಟ್ಟಿಗೆಯಿಂದ ಏಣಿ ಎಳೆದು ತಂದು ಹಿತ್ತಲ ಗೋಡೆಗೆ ಒರಗಿಸಿದಳು. ಸೀರೆ ಎತ್ತಿ ಕಚ್ಚೆ ಹಾಕಿ, ಸೊಂಟಕ್ಕೆ ಒಂದು ತೆಂಗಿನ ಕರಟ ಸಿಕ್ಕಿಸಿಕೊಂಡಳು. ನಲವತ್ತಮೂರು ವರ್ಷಕ್ಕೆ ಅವಳು ಸೂರು ಹತ್ತಿದ್ದು ಅದೇ ಮೊದಲು.

ಗೋಡೆಯ ನೆತ್ತಿ ತಲುಪಿದಾಗ ಕೂಗುವುದನ್ನು ಮರೆತದ್ದು ನೆನಪಾಯಿತು. ಕೆಳಗೆ ವಜೀರುನ್ನೀಸಾ ಹಿತ್ತಲಲ್ಲಿ ಹರವಿದ್ದ ರೇಷ್ಮೆಗೂಡನ್ನು ಮಳೆಗೆ ಮೊದಲು ಮಂಕರಿಗೆ ತುಂಬುತ್ತಿದ್ದಳು. ಹೆಜ್ಜೆ ಸದ್ದಿಗೆ ಸೆರಗು ಎಳೆದುಕೊಂಡು ಬಾಗಿಲತನಕ ಓಡಿದವಳು, ತಿರುಗಿ ನೋಡಿ ನಿಂತಳು.

"ಅಕ್ಕಾ, ನೀನಾ? ಕೂಗ್ಬಾರ್ದಾ? ಎದೆ ಹೊಡ್ಕೊಂಡ್ಬಿಡ್ತು."

"ಯಾರಿಗೆ ಅಂತ ಕೂಗ್ಲಿ ಕಣೇ," ಎಂದಳು ಅಶ್ವತ್ಥಮ್ಮ, ಒಂದು ಕೈಯಲ್ಲಿ ಹೆಂಚಿನಂಚು ಹಿಡಿದು. "ಹತ್ತಿರೋಳು ನಾನು, ನೋಡ್ತಿರೋಳು ನೀನು. ಬೇಕಾದ್ರೆ ಚಿಲಕ ಅಲ್ಲಾಡ್ಸು."

ವಜೀರುನ್ನೀಸಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಮಂಕರಿಗಳನ್ನು ಒಳಗಿಟ್ಟು ಬಂದು ಗೋಡೆಯ ಕೆಳಗೆ ನಿಂತಳು.

ದೋಣಿಯಲ್ಲಿ ಮೊಣಕೈ ಆಳ ಕಸವಿತ್ತು. ಕಾಗೆ ಗೂಡಿನ ಕಡ್ಡಿ, ಒಡೆದ ಹೆಂಚು, ನೆನೆದು ಹಿಟ್ಟಿನಂತಾದ ಹೊಂಗೆ ಹೂವು. ಹೆಂಚಿನ ಮೇಲೆ ಕಾಲಿಟ್ಟರೆ ಒಡೆಯುತ್ತದೆ. ದೋಣಿಯೊಳಗೇ ಕುಕ್ಕರುಗಾಲಲ್ಲಿ ಸರಿಯಬೇಕು. ಅವಳು ಕರಟದಲ್ಲಿ ಕೆರೆದು ಕೆರೆದು ಮುಂದಕ್ಕೆ ತಳ್ಳುತ್ತ ಬೀದಿಯ ಕಡೆ ಸಾಗಿದಳು. ಅರ್ಧ ದಾರಿಯಲ್ಲಿ, ಹುಳುವಿನ ಕೋಣೆಯ ನೇರಕ್ಕೆ, ಎರಡು ತಗಡು ಸೇರುವ ಬೆಸುಗೆ ಬಿಟ್ಟು ಬೆರಳು ತೂರುವಷ್ಟು ಸಂದಾಗಿತ್ತು. ಕಸ ತೆಗೆದರಷ್ಟೇ ಸಾಲದು.

ಹಿತ್ತಲ ತುದಿಗೆ ಹಿಂದೆ ಸರಿದು, ಸಂದು ಬಿಟ್ಟಿದೆ ಎಂದು ಮೇಲಿನಿಂದ ಹೇಳಿದಳು. ವಜೀರುನ್ನೀಸಾ ಸ್ವಲ್ಪ ಯೋಚಿಸಿ ಒಳಗೆ ಹೋದಳು. ಅವರ ಮನೆಯಲ್ಲಿ ನೂಲು ಬಿಚ್ಚುವ ಎರಡು ಚರಕಗಳಿದ್ದವು. ಬಿಚ್ಚಿ ಉಳಿದ ಒರಟು ನಾರಿನ ರಾಶಿ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಅದರಲ್ಲಿ ಒಂದು ಹಿಡಿಯನ್ನು ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆಯಲ್ಲಿ ಹೊರಳಿಸಿ, ದೋಟಿಯ ತುದಿಗೆ ಕಟ್ಟಿ ಮೇಲಕ್ಕೆ ಎತ್ತಿದಳು. ಅಶ್ವತ್ಥಮ್ಮ ಅದನ್ನು ಒಯ್ದು ಸಂದಿಗೆ ತುರುಕಿ, ಹೆಂಚಿನ ಚೂರಿನಿಂದ ಗಿಡಿದಳು. ಸಾಲದೆ ಮತ್ತೆ ಹಿಂದೆ ಬಂದು ಇನ್ನೊಂದು ಹಿಡಿ ಕೇಳಿದಳು.

ದೋಟಿ ಎರಡನೆಯ ಸಲ ಮೇಲೆ ಬಂದಾಗ ವಜೀರುನ್ನೀಸಾ ಕೆಳಗಿನಿಂದ ಮಾತು ತೆಗೆದಳು. ತನ್ನ ಗಂಡ ತಿಂಗಳಿಂದ ಈ ದೋಣಿಯನ್ನೇ ಹೇಳುತ್ತಿದ್ದನಂತೆ. ಹೋದ ವರ್ಷ ಮನೆ ತುಂಬ ಜನವಿದ್ದರು, ಹತ್ತಿದೆ. ಈಗ ಹೆಂಗಸು ಒಬ್ಬಳೇ ಇರುವ ಮನೆ. ಕರೆಯದೆ ಹತ್ತಿದರೆ ಬೀದಿಯವರು ಏನೆಂದಾರು, ಕೋನಪ್ಪ ಏನೆಂದಾನು? ಅಕ್ಕ ಒಂದು ಮಾತು ಹೇಳಿ ಕಳಿಸಲಿ ಎಂದು ಕಾಯುತ್ತಿದ್ದನಂತೆ.

"ನಾನು ರೋಜಾ ಮುಗೀಲಿ ಅಂತ ಕಾಯ್ತಿದ್ದೆ," ಎಂದಳು ಅಶ್ವತ್ಥಮ್ಮ.

"ಮುಗ್ದು ನಾಕು ದಿನ ಆಯ್ತಲ್ಲಕ್ಕಾ."

"ಆಮೇಲೆ ಹಬ್ಬ. ಆಮೇಲೆ ಊರು."

ವಜೀರುನ್ನೀಸಾ ದೋಟಿಯನ್ನು ಕೆಳಗಿಳಿಸಿದಳು. "ಹಂಗಾದ್ರೆ ಈ ವರ್ಷ ಯಾರ ಸರದಿ?"

ಅಶ್ವತ್ಥಮ್ಮ ಕೈಗೆ ಅಂಟಿದ ಕೀಲೆಣ್ಣೆಯನ್ನು ತಗಡಿಗೆ ಒರೆಸಿದಳು. "ನಿಮ್ದೇ. ಹೋದ ವರ್ಷ ನಮ್ದನ್ನ ನೀವು ಮಾಡಿದ್ರಿ. ಈ ವರ್ಷ ನಿಮ್ದನ್ನ ನಾನು ಮಾಡ್ದೆ."

ಅವಳು ಎರಡನೆಯ ಹಿಡಿಯನ್ನೂ ಸಂದಿಗೆ ತುರುಕಿ, ದೋಣಿಯ ಬಾಯಲ್ಲಿ ಸಿಕ್ಕಿದ್ದ ಕೊನೆಯ ಕಸದ ಉಂಡೆಯನ್ನು ಬೀದಿಗೆ ತಳ್ಳಿ, ಹಿಂದಕ್ಕೆ ಸರಿದು ಏಣಿ ಇಳಿಯುವಷ್ಟರಲ್ಲಿ ಹನಿ ಶುರುವಾಯಿತು. ಮಳೆ ಒಂದು ಗಂಟೆಗೂ ಹೆಚ್ಚು ಹೊಡೆಯಿತು. ಮೊದಲು ಕಂದು ಬಣ್ಣದ ನೀರು, ಆಮೇಲೆ ತಿಳಿನೀರು ಬೀದಿಗೆ ಬಿತ್ತು. ಅವಳು ಕೋಣೆಯಲ್ಲಿ ಗೋಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಹಿಂದಿನ ದಿನದ ಒದ್ದೆಯ ಗುರುತು ಇದ್ದಷ್ಟೇ ಇತ್ತು, ಕೆಳಗಿಳಿಯಲಿಲ್ಲ.

ಬೇರೆ ಇಟ್ಟಿದ್ದ ಮೂರು ತಟ್ಟೆಯ ಹುಳು ಉಳಿಯಲಿಲ್ಲ. ಎರಡನೆಯ ದಿನ ಸೊಪ್ಪು ಬಿಟ್ಟು ಸಪ್ಪೆಯಾದವು. ತೋಟದಾಚೆ ಗುಂಡಿ ತೋಡಿ ಹೂತಳು. ಉಳಿದ ಇಪ್ಪತ್ತೊಂದು ತಟ್ಟೆಯ ಹುಳು ಹಣ್ಣಾಯಿತು. ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುವ ದಿನ ವಜೀರುನ್ನೀಸಾ ಹಿತ್ತಲ ಬಾಗಿಲಿಂದ ಬಂದು ಕತ್ತಲಾಗುವವರೆಗೆ ಹುಳು ಆರಿಸಿಕೊಟ್ಟಳು.

ಐದು ದಿನ ಬಿಟ್ಟು ಕೋನಪ್ಪ ಬಂದ. ಚಂದ್ರಂಕಿಗಳನ್ನು ಒಂದೊಂದಾಗಿ ನೋಡಿದ. ಒಂದು ಗೂಡು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗಿನ ಹುಳು ಗಟ್ಟಿಯಾಗಿ ಸದ್ದು ಮಾಡಿತು. ಗೋಡೆಯ ಒದ್ದೆ ಗುರುತನ್ನು ನೋಡಿ, ಕೊನೆಗೂ ಸಾಬರು ದೋಣಿ ತೆಗೆದರಾ ಎಂದು ಕೇಳಿದ. ತೆಗೆದದ್ದು ಯಾರು ಎಂದು ಅವಳು ಹೇಳಿದಳು. ಅವನು ತೋಟದ ಮಾತು ಎತ್ತಲಿಲ್ಲ. ಊಟ ಮಾಡಿ ಹಿತ್ತಲಿಗೆ ಕೈತೊಳೆಯಲು ಹೋದವನು, ಗೋಡೆಗೆ ಒರಗಿದ್ದ ಏಣಿಯನ್ನು ಎತ್ತಿಕೊಂಡ.

"ಇದನ್ನ ಕೊಟ್ಟಿಗೆಗೆ ಹಾಕ್ಲಾ ಅತ್ತಿಗೆ?"

"ಬೇಡ, ಸೂರಿನ ಕೆಳಗೇ ಇರ್ಲಿ ಬಿಡು ಕೋನಪ್ಪ," ಎಂದಳು ಅಶ್ವತ್ಥಮ್ಮ ಒಳಗಿನಿಂದ. "ಬರೋ ವರ್ಷ ನಮ್ಮ ಸರದಿ."